ಅಪ್ಪ-ಅಮ್ಮನಿಗೆ ಸೀನಿಯರ್ ಲಿವಿಂಗ್ ನೋಡ್ತಿದ್ದೀವಿ. ಬ್ರೋಷರ್‌ನಲ್ಲಿ ಇಲ್ಲದ್ದು ಏನೇನು ಕೇಳಬೇಕು?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಪ್ಪಂಗೆ 76, ಪಿಯು ಕಾಲೇಜಲ್ಲಿ ಲೆಕ್ಚರರ್ ಆಗಿದ್ದು ರಿಟೈರ್ ಆದೋರು. ಅಮ್ಮಂಗೆ 71, ಎರಡೂ ಮಂಡಿ ನೋವು, ಜೊತೆಗೆ ಶುಗರ್. ಹಾಸನದಲ್ಲಿ ಸ್ವಂತ ಮನೆ ಇದೆ. ಅಣ್ಣ ಡಬ್ಲಿನ್‌ನಲ್ಲಿ, ನಾನು ವೈಟ್‌ಫೀಲ್ಡ್ ಹತ್ರ ಬಾಡಿಗೆ ಮನೇಲಿ. ಇಲ್ಲಿಗೆ ಕರ್ಕೊಂಡು ಬಂದ್ರೆ ಹದಿನೈದು ದಿನ ಆಗೋಷ್ಟರಲ್ಲಿ ಅಪ್ಪ "ಊರಿಗೆ ಬಸ್ಸು ಹತ್ತಿಸು" ಅಂತ ಶುರು ಮಾಡ್ತಾರೆ.

ಈ ಸಲ ಹಟ ಹಿಡಿದಿರೋದು ಅಮ್ಮ. ಐವತ್ತು ವರ್ಷ ಅಡುಗೆ ಮಾಡಿದ್ದು ಸಾಕು, ಯಾರಾದ್ರೂ ಬಡಿಸೋ ಜಾಗಕ್ಕೆ ಹೋಗೋಣ ಅಂತ. ಅಪ್ಪ "ನೀನು ಹೋಗು, ನಾನು ಇಲ್ಲೇ ಗಂಜಿ ಕುಡ್ಕೊಂಡು ಇರ್ತೀನಿ" ಅಂತಿದ್ದಾರೆ.

ಎರಡು ಜಾಗ ನೋಡಿದ್ದೀವಿ. ಒಂದು ದೇವನಹಳ್ಳಿ ಕಡೆ, ಫ್ಲ್ಯಾಟ್ ಖರೀದಿ ಮಾಡ್ಬೇಕು, ಇನ್ನೂ ಕಟ್ತಿದ್ದಾರೆ. ಇನ್ನೊಂದು ಮೈಸೂರಿನ ಹತ್ರ, 35 ಲಕ್ಷ ಡಿಪಾಸಿಟ್, ಇಬ್ಬರಿಗೂ ಊಟ ಸೇರಿ ತಿಂಗಳಿಗೆ 42 ಸಾವಿರ. ಎರಡೂ ಕಡೆ ಸೇಲ್ಸ್‌ನವರು ಈಜುಕೊಳ, ಯೋಗ ಹಾಲ್, ಮಿನಿ ಥಿಯೇಟರ್ ತೋರಿಸಿದ್ರು. ಅಮ್ಮ ಈಜುಕೊಳ ನೋಡಿ ನಕ್ಕುಬಿಟ್ರು.

ಇಂಥ ಕಡೆ ಇರೋರು, ಅಪ್ಪ-ಅಮ್ಮನ್ನ ಬಿಟ್ಟಿರೋರು, ನೋಡಿ ಬೇಡ ಅಂದೋರು ಎಲ್ಲರೂ ಹೇಳಿ. ಏನು ಕೇಳಬೇಕು ಅನ್ನೋದೇ ನಮಗೆ ಗೊತ್ತಾಗ್ತಿಲ್ಲ.

ಕೌಂಟರ್ ನಂಬರ್ 3

ನಾನೇ ಅಂಥ ಕಡೆ ಇರೋನು ತಾಯಿ. ಬ್ಯಾಂಕಲ್ಲಿದ್ದೆ, ಈಗ ನಾನು ನಮ್ಮ ಮನೆಯವರು ಇಬ್ಬರೂ ಇಲ್ಲೇ.

ಮೊದಲನೇದು, ಸೇಲ್ಸ್ ಆಫೀಸಿಂದ ಎದ್ದು ಊಟದ ಹಾಲ್‌ಗೆ ಹೋಗಿ. ಮಧ್ಯಾಹ್ನ ಒಂದು ಗಂಟೆಗೆ, ಹೇಳದೆ ಕೇಳದೆ. ದುಡ್ಡು ಕೊಟ್ಟು ಊಟ ಮಾಡಿ. ಅಲ್ಲಿ ಕೂತಿರೋರ ಪಕ್ಕ ಕೂತ್ಕೊಂಡು "ಹೆಂಗಿದೆ ಸಾರ್ ಇಲ್ಲಿ?" ಅಂತ ಕೇಳಿ. ನಮ್ಮಂಥ ಮುದುಕರಿಗೆ ಮಾತಾಡೋಕೆ ಹೊಸಬರು ಸಿಕ್ಕಿದ್ರೆ ಸಾಕು, ಮ್ಯಾನೇಜರ್ ಜಾತಕ ಸಮೇತ ಹೇಳಿಬಿಡ್ತೀವಿ.

ಎರಡನೇದು, ಕೊನೆಯ ಎರಡು ವರ್ಷದಲ್ಲಿ ಯಾರ್ಯಾರು ಬಿಟ್ಟು ಹೋದ್ರು, ಯಾಕೆ ಹೋದ್ರು ಕೇಳಿ. ಡಿಪಾಸಿಟ್ ವಾಪಸ್ ಎಷ್ಟು ತಿಂಗಳಿಗೆ ಬಂತು ಅನ್ನೋದನ್ನ ಬಿಟ್ಟು ಹೋದೋರ ಮಕ್ಕಳ ಹತ್ರನೇ ಕೇಳೋಕೆ ಆದ್ರೆ ಇನ್ನೂ ಒಳ್ಳೇದು.

ಮೂರನೇದು ಸಣ್ಣದು ಅನ್ಸುತ್ತೆ. ಬೆಳಗ್ಗೆ ಐದೂವರೆಗೆ ಎದ್ದೋರಿಗೆ ಕಾಫಿ ಸಿಗುತ್ತಾ? ನಮ್ಮಲ್ಲಿ ಮೆಸ್ ತೆಗೆಯೋದು ಏಳಕ್ಕೆ. ಇದರ ಮೇಲೆ ಎಷ್ಟು ಮೀಟಿಂಗ್ ಆಗಿದೆ ಅಂದ್ರೆ, ನೋಟು ರದ್ದಾದಾಗ ನಮ್ಮ ಬ್ರಾಂಚಲ್ಲೂ ಅಷ್ಟು ಗಲಾಟೆ ಆಗಿರ್ಲಿಲ್ಲ.

ಬೇರು ಮುಖ್ಯ

ವೃದ್ಧಾಶ್ರಮಕ್ಕೆ ಹೊಸ ಪೇಂಟು ಹೊಡೆದು 35 ಲಕ್ಷ ಕೇಳ್ತಿದ್ದಾರೆ. ಹೆತ್ತವರನ್ನ ನೋಡ್ಕೊಳ್ಳೋಕೆ ಆಗಲ್ಲ ಅಂತ ನೇರವಾಗಿ ಹೇಳಿ.

ಹಾಸನದ ಹುಡುಗಿ

@ಬೇರು ಮುಖ್ಯ ಹೋಗ್ತೀನಿ ಅಂತಿರೋದು ನಮ್ಮಮ್ಮ ಸಾರ್. ಅವರಿಗೆ ನೀವೇ ಫೋನ್ ಮಾಡಿ ಬುದ್ಧಿ ಹೇಳಿ, ಆಮೇಲೆ ನಿಮ್ಮ ಕಿವಿ ಹೆಂಗಿದೆ ಅಂತ ಇಲ್ಲಿ ತಿಳಿಸಿ.

ನೈಟ್ ಡ್ಯೂಟಿ ನರ್ಸಮ್ಮ

😂 ಅಮ್ಮನಿಗೆ ನನ್ನ ವೋಟು.

ನಾನು ಹಿರಿಯರ ಆರೈಕೆಯಲ್ಲೇ ಕೆಲಸ ಮಾಡೋಳು. ಮಾರೋ ಟೀಮ್‌ನವರು ತೋರಿಸೋದೆಲ್ಲ ಆರೋಗ್ಯವಾಗಿ ಓಡಾಡೋ ಎಪ್ಪತ್ತು ವರ್ಷದವರಿಗೆ. ನೀವು ಕೇಳಬೇಕಾದ್ದು 82ನೇ ವಯಸ್ಸಲ್ಲಿ ಸೊಂಟದ ಮೂಳೆ ಮುರಿದು ಮಲಗಿದಾಗ ಏನು ಅಂತ.

ರಾತ್ರಿ ಎರಡು ಗಂಟೆಗೆ ಕ್ಯಾಂಪಸ್ ಒಳಗೆ ಯಾರಿರ್ತಾರೆ? "24 ಗಂಟೆ ವೈದ್ಯಕೀಯ ನೆರವು" ಅಂತ ಬರೆದಿರ್ತಾರೆ. ಕೆಲವು ಕಡೆ ಅದರರ್ಥ ಸೆಕ್ಯೂರಿಟಿ ಗಾರ್ಡ್ ಹತ್ರ ಒಂದು ಫೋನ್ ನಂಬರ್ ಇದೆ ಅಂತ. ಟ್ರೇನ್ಡ್ ನರ್ಸ್ ಇದ್ದಾರಾ, ಎಷ್ಟು ಮನೆಗೆ ಒಬ್ಬರು, ಆಂಬುಲೆನ್ಸ್ ಒಳಗೇ ನಿಂತಿರುತ್ತಾ ಅಥವಾ ಫೋನ್ ಮಾಡಿದ ಮೇಲೆ ಬರುತ್ತಾ, ಡ್ರೈವರ್ ರಾತ್ರಿ ಅಲ್ಲೇ ಮಲಗ್ತಾನಾ? ಇದನ್ನೆಲ್ಲ ಕೇಳಿ. ನೋಡೋಕೆ ಹೋದಾಗ ಬಾತ್‌ರೂಮಿನ ಎಮರ್ಜೆನ್ಸಿ ಬೆಲ್ ಒತ್ತಿಬಿಡಿ. ಎಷ್ಟು ನಿಮಿಷಕ್ಕೆ ಮನುಷ್ಯರು ಬರ್ತಾರೆ ನೋಡಿ. ನಾಚ್ಕೋಬೇಡಿ, ಅದು ಇರೋದೇ ಒತ್ತೋಕೆ.

ಬಾತ್‌ರೂಮ್ ಬಾಗಿಲು ಹೊರಗಡೆ ತೆರೆಯಬೇಕು. ಒಳಗಡೆ ತೆರೆಯೋ ಬಾಗಿಲಿಗೆ ಅಡ್ಡ ಬಿದ್ದವರನ್ನ ಎತ್ತೋಕೆ ಬಾಗಿಲು ಒಡೆಯೋದನ್ನ ನೋಡಿದ್ದೀನಿ. ಬಾಗಿಲು 900 ಮಿಲಿಮೀಟರ್ ಅಗಲ ಇದ್ರೆ ವೀಲ್‌ಚೇರ್ ಆರಾಮಾಗಿ ಹೋಗುತ್ತೆ. ರ‍್ಯಾಂಪ್ ಒಂದು ಅಡಿ ಏರೋಕೆ ಕಡಿಮೆ ಅಂದ್ರೂ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾಗಿದ್ರೆ ತೋರಿಕೆಗೆ ಮಾಡಿದ್ದು ಅಂದ್ಕೊಳ್ಳಿ. ಲಿಫ್ಟಲ್ಲಿ ಸ್ಟ್ರೆಚರ್ ಮಲಗಿಸಿದ ಹಾಗೇ ಹೋಗಬೇಕು. ಎಷ್ಟೋ ಕಡೆ ಹೋಗಲ್ಲ, ಕುರ್ಚಿ ಮೇಲೆ ಕೂರಿಸಿ ಇಳಿಸ್ತಾರೆ.

ಮರೆವಿನ ಕಾಯಿಲೆ ಬಂದ್ರೆ ಇಟ್ಕೋತಾರಾ, ಖಾಲಿ ಮಾಡಿ ಅಂತಾರಾ? ಇದನ್ನ ಬಾಯಿಮಾತಲ್ಲಿ ಕೇಳಬೇಡಿ, ಅಗ್ರಿಮೆಂಟಲ್ಲಿ ಯಾವ ಪುಟದಲ್ಲಿದೆ ತೋರಿಸಿ ಅನ್ನಿ. "ತನ್ನ ಕೆಲಸ ತಾನೇ ಮಾಡಿಕೊಳ್ಳಲಾಗದವರು ಕುಟುಂಬದ ವಶಕ್ಕೆ ಹಿಂದಿರುಗತಕ್ಕದ್ದು" ಅನ್ನೋ ಥರದ ಸಾಲು ಇದ್ರೆ ಎದ್ದು ಬನ್ನಿ. ಅಷ್ಟು ಹೊತ್ತಿಗೆ ಹಾಸನದ ಮನೆ ಮಾರಿರ್ತೀರ, ಎಲ್ಲಿಗೆ ಕರ್ಕೊಂಡು ಹೋಗ್ತೀರ?

ಧಾರವಾಡದ ಮಂದಿ

ನರ್ಸಮ್ಮಾರು ಹೇಳಿದ್ದು ಖರೇ ಅದ. ನಾ ಊಟದ ಮಾತು ಹೇಳ್ತೀನ್ರಿ. ನಮ್ಮ ಅತ್ತಿಯವರನ್ನ ಬೆಂಗಳೂರಾಗ ಒಂದು ಕಡೆ ಇಟ್ಟಿದ್ವಿ. ಎಲ್ಲಾ ಛಲೋ ಇತ್ತು, ರೂಮು, ಡಾಕ್ಟರು, ಗಾರ್ಡನ್ನು. ಆದ್ರ ಮೂರೂ ಹೊತ್ತು ಅನ್ನ, ಇಡ್ಲಿ, ಅನ್ನ. ಜ್ವಾಳದ ರೊಟ್ಟಿ ಕೇಳಿದ್ರ ತಿಂಗಳಿಗೊಮ್ಮೆ "ಉತ್ತರ ಕರ್ನಾಟಕ ಸ್ಪೆಷಲ್" ಅಂತ ಮಾಡಿ ಫೋಟೋ ಹೊಡ್ಕೊಳ್ಳೋವ್ರು. ಎಪ್ಪತ್ತೈದು ವರ್ಷ ರೊಟ್ಟಿ ತಿಂದ ಜೀವಕ್ಕ ಅದು ಸ್ಪೆಷಲ್ ಅಲ್ರಿ, ಅದು ಊಟ. ಆರು ತಿಂಗಳಿಗೆ ಸೊರಗಿ ಹೋದ್ರು, ವಾಪಸ್ ಹುಬ್ಬಳ್ಳಿಗೆ ಕರ್ಕೊಂಡು ಬಂದ್ವಿ. ಈಗ ಮನ್ಯಾಗ ಒಬ್ಬಾಕಿನ್ನ ಇಟ್ಟೇವಿ, ರೊಟ್ಟಿ ಬಡಿತಾಳ, ಅವರು ಗಟ್ಟಿ ಆಗ್ಯಾರ.

ರೂಮಿನೊಳಗ ಒಂದು ಸಣ್ಣ ಒಲಿ ಇಡಾಕ ಬಿಡ್ತಾರೇನು ಕೇಳ್ರಿ. ಇಂಡಕ್ಷನ್ ಆದ್ರೂ ಸಾಕು.

ಕುಚ್ಚಲಕ್ಕಿ ಪಾರ್ಟಿ

ಹೌದು ಮಾರಾಯ್ರೆ! ನನ್ನ ಅಪ್ಪನಿಗೆ ಕುಚ್ಚಲಕ್ಕಿ ಗಂಜಿ ಇಲ್ಲದಿದ್ದರೆ ಊಟ ಮಾಡಿದ ಹಾಗೆ ಆಗುದೇ ಇಲ್ಲ. ಮತ್ತೆ ಮೀನು. ನಾವು ನೋಡಿದ ಹೆಚ್ಚಿನ ಕಡೆ ಶುದ್ಧ ಸಸ್ಯಾಹಾರಿ. ರೂಮಿನಲ್ಲಿಯೂ ಮಾಡುವ ಹಾಗಿಲ್ಲ, ಹೊರಗಿನಿಂದ ತರಿಸುವ ಹಾಗೂ ಇಲ್ಲ. ಎಂಬತ್ತು ವರ್ಷ ಬಂಗುಡೆ ತಿಂದವರಿಗೆ ಈಗ ಪನೀರ್ ಕೊಟ್ಟು ಪುಣ್ಯ ಕಟ್ಟಿಕೊಳ್ಳುದಾ? ಇದನ್ನು ಬ್ರೋಷರಿನಲ್ಲಿ ದೊಡ್ಡದಾಗಿ ಬರೆಯುದಿಲ್ಲ, ಬುಕಿಂಗ್ ಎಲ್ಲ ಆದ ಮೇಲೆ ನಿಯಮಾವಳಿಯಲ್ಲಿ ಬರ್ತದೆ.

ತುಳಸಿಕಟ್ಟೆ

ಸಸ್ಯಾಹಾರಿಗಳಿಗೆ ಪ್ರತ್ಯೇಕ ಜಾಗ ಇದ್ದರೆ ತಪ್ಪೇನು? ನಮ್ಮ ಅಜ್ಜಿಗೆ ಈರುಳ್ಳಿ ವಾಸನೆಯೇ ಆಗಲ್ಲ.

ಕುಚ್ಚಲಕ್ಕಿ ಪಾರ್ಟಿ

@ತುಳಸಿಕಟ್ಟೆ ತಪ್ಪು ಅಂತ ಯಾರು ಹೇಳಿದ್ದು? ಮೊದಲೇ ಹೇಳಲಿ ಅಂತ ಹೇಳಿದ್ದು. ಅಡ್ವಾನ್ಸ್ ತೆಗೆದುಕೊಂಡ ಮೇಲೆ ಅಲ್ಲ.

ಲೆಕ್ಕಪತ್ರ

ಊಟದ ಜಗಳ ಆಮೇಲೆ ಆಡಿ, ದುಡ್ಡಿಗೆ ಬರೋಣ. ಇಲ್ಲಿ ಬಹಳ ಜನ ಎಡವ್ತಾರೆ.

ಮೈಸೂರಿನ ಜಾಗದ ಖರ್ಚು 42 ಸಾವಿರ ಅಂದ್ಕೊಂಡಿದ್ದೀರ. ಅಲ್ಲ. 35 ಲಕ್ಷಕ್ಕೆ ಬಡ್ಡಿ ಬರಲ್ಲ ತಾನೇ? ಅದೇ ದುಡ್ಡು ಶೇ 8.2ರಲ್ಲಿ ಇದ್ದಿದ್ರೆ ತಿಂಗಳಿಗೆ ಹೆಚ್ಚುಕಡಿಮೆ 24 ಸಾವಿರ. ಅಂದ್ರೆ ನಿಜವಾದ ಖರ್ಚು 66 ಸಾವಿರ. ಈ ಮೊತ್ತ ಇಟ್ಕೊಂಡು ಹೋಲಿಕೆ ಮಾಡಿ.

ಇನ್ನು ಏರಿಕೆ. ವರ್ಷಕ್ಕೆ ಶೇ 8 ಅಂತ ಅಗ್ರಿಮೆಂಟಲ್ಲಿ ಇದ್ರೆ ಒಂಬತ್ತು ವರ್ಷಕ್ಕೆ ಡಬಲ್. ಅಪ್ಪಂಗೆ 85 ಆಗೋಷ್ಟರಲ್ಲಿ 84 ಸಾವಿರ. ಪಿಂಚಣಿ ಅಷ್ಟು ಏರುತ್ತಾ? ಒಬ್ಬರು ತೀರಿಕೊಂಡ ಮೇಲೆ ಬರೋದು ಕುಟುಂಬ ಪಿಂಚಣಿ, ಇನ್ನೂ ಕಡಿಮೆ. ಅಮ್ಮ ಒಬ್ಬರೇ ಉಳಿದ್ರೆ 42 ಸಾವಿರದಲ್ಲಿ ಎಷ್ಟು ಇಳಿಯುತ್ತೆ ಕೇಳಿ. ಅರ್ಧ ಆಗುತ್ತೆ ಅಂತ ಎಲ್ಲರೂ ಅಂದ್ಕೋತಾರೆ. ಇಳಿಯೋದು ಊಟದ ದುಡ್ಡು ಮಾತ್ರ. ಮನೆ ಅಷ್ಟೇ ದೊಡ್ಡದಿರುತ್ತಲ್ಲ.

ಜಿಎಸ್‌ಟಿ ಸೇರಿದೆಯಾ ಕೇಳಿ. ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಇರೋ ದತ್ತಿ ಸಂಸ್ಥೆ ನಡೆಸೋ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ಊಟ, ವಸತಿ, ನಿರ್ವಹಣೆ ಎಲ್ಲ ಸೇರಿ ತಲಾ ತಿಂಗಳಿಗೆ 25 ಸಾವಿರದವರೆಗೆ ತೆರಿಗೆ ಇಲ್ಲ. ಖಾಸಗಿ ಕಂಪನಿಗಳಿಗೆ ಈ ವಿನಾಯಿತಿ ಬರಲ್ಲ. "ತೆರಿಗೆ ಪ್ರತ್ಯೇಕ" ಅನ್ನೋ ಎರಡು ಪದ ಸಣ್ಣ ಅಕ್ಷರದಲ್ಲಿ ಇರುತ್ತೆ.

ದೇವನಹಳ್ಳಿದು ಇನ್ನೂ ಕಟ್ತಿದ್ದಾರೆ ಅಂದ್ರಿ. ಕರ್ನಾಟಕ ರೇರಾ (ಬಿಲ್ಡರ್‌ಗಳ ಯೋಜನೆ ಮೇಲೆ ನಿಗಾ ಇಡೋ ಪ್ರಾಧಿಕಾರ) ವೆಬ್‌ಸೈಟಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ, ಮುಗಿಸೋ ದಿನಾಂಕ ಅಲ್ಲೇ ಇರುತ್ತೆ. 76 ವರ್ಷದವರಿಗೆ ಮೂರು ವರ್ಷ ಕಾಯೋ ಫ್ಲ್ಯಾಟ್ ಕೊಡಿಸೋದು ನನಗಂತೂ ಸರಿ ಕಾಣಲ್ಲ.

ವೈಟ್‌ಫೀಲ್ಡ್ 335ಇ

ರೇರಾ ಇದೆಯಲ್ಲ, ಎರಡಕ್ಕೂ ಅದೇ ಸಾಕು. ಏನೇ ಮೋಸ ಆದ್ರೂ ದೂರು ಕೊಡಬಹುದು.

ಕೋರ್ಟ್ ಆವರಣ

@ವೈಟ್‌ಫೀಲ್ಡ್ 335ಇ ಅಷ್ಟು ಸಲೀಸಿಲ್ಲ ಸಾರ್. 2016ರ ರೇರಾ ಕಾಯ್ದೆ ಫ್ಲ್ಯಾಟ್ ಮಾರಾಟದ ಯೋಜನೆಗಳಿಗೆ. ತಡ ಆದ್ರೆ, ಗೋಡೆ ಬಿರುಕು ಬಿಟ್ರೆ ಸರಿ. ಸ್ವಾಧೀನ ಕೊಟ್ಟ ಐದು ವರ್ಷದವರೆಗೆ ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆ. ಸಾರು ನೀರಾಗಿದೆ, ನರ್ಸ್ ಬರಲಿಲ್ಲ, ಡಿಪಾಸಿಟ್ ವಾಪಸ್ ಕೊಡ್ತಿಲ್ಲ ಅನ್ನೋದಕ್ಕೆ ಗ್ರಾಹಕ ಆಯೋಗವೇ ದಾರಿ. ಕೊಟ್ಟ ಹಣ 50 ಲಕ್ಷದವರೆಗಿದ್ರೆ ಜಿಲ್ಲಾ ಆಯೋಗ ಸಾಕು.

ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗೆ ಅಂತಲೇ ಮಾದರಿ ಮಾರ್ಗಸೂಚಿ ತಂದಿದೆ. ಬಿಲ್ಡರ್, ಸೇವೆ ಕೊಡೋ ಕಂಪನಿ, ಮನೆ ತಗೊಳ್ಳೋರು, ಮೂವರ ಸಹಿ ಇರೋ ಒಪ್ಪಂದ ಆಗಬೇಕು ಅಂತ ಅದರಲ್ಲಿದೆ. ಹಾಗಂತ ಅದು ಮಾರ್ಗಸೂಚಿ, ಕಾನೂನಲ್ಲ. ಆದ್ರೂ ಪ್ರಿಂಟ್ ತಗೊಂಡು ಹೋಗಿ ಮೇಜಿನ ಮೇಲಿಡಿ, ಅವರ ಮುಖ ನೋಡಿದ್ರೆ ಅರ್ಧ ಗೊತ್ತಾಗುತ್ತೆ. ಯಾಕಂದ್ರೆ ಕಟ್ಟೋನು ಒಬ್ಬ, ನಡೆಸೋನು ಇನ್ನೊಬ್ಬ. ಮೂರು ವರ್ಷ ಆದ್ಮೇಲೆ ನಡೆಸೋನು ಎದ್ದು ಹೋದ್ರೆ ನಿಮಗೆ ಉಳಿಯೋದು ಊರಾಚೆ ಒಂದು ಸಾಮಾನ್ಯ ಫ್ಲ್ಯಾಟು.

ಮೈಸೂರಿನ ಡಿಪಾಸಿಟ್ ವಿಷಯ. ಅದು ಲೀಸಾ (ಜಾಗದ ಮೇಲೆ ಹಕ್ಕು ಬರೋದು), ಲೈಸೆನ್ಸಾ (ಬರೀ ಇರೋಕೆ ಅನುಮತಿ) ನೋಡಿ. ಒಂದು ವರ್ಷ ಮೀರಿದ ಲೀಸ್ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗಲೇಬೇಕು. "ಜೀವನಪರ್ಯಂತ ಹಕ್ಕು" ಅಂತ ಹೇಳಿ ನೂರು ರೂಪಾಯಿ ಸ್ಟಾಂಪ್ ಪೇಪರಲ್ಲಿ ನೋಟರಿ ಮಾಡಿಸಿ ಕಳಿಸೋರಿದ್ದಾರೆ. ಆ ಜಾಗ ಬ್ಯಾಂಕಿಗೆ ಅಡ ಇದೆಯಾ ಅಂತ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಅಡ ಇದ್ದು ಸಾಲ ಕಟ್ಟದೆ ಹೋದ್ರೆ ಬ್ಯಾಂಕಿನವರು ಬಂದಾಗ ನಿಮ್ಮ ತಂದೆಯವರು ಬಾಗಿಲಲ್ಲಿ ನಿಂತು ನೋಟರಿ ಪೇಪರ್ ತೋರಿಸೋ ಹಾಗಾಗುತ್ತೆ.

ಡಿಪಾಸಿಟ್ ವಾಪಸಿಗೆ ದಿನಾಂಕ ಇರಬೇಕು. "ಮುಂದಿನ ನಿವಾಸಿ ಬಂದ ನಂತರ" ಅಂತ ಇದ್ರೆ ಅದಕ್ಕೆ ಕೊನೆಯೇ ಇಲ್ಲ. "90 ದಿನ ಅಥವಾ ಮುಂದಿನ ನಿವಾಸಿ, ಯಾವುದು ಮೊದಲೋ ಅದು" ಅಂತ ಬರೆಸಿ.

ಹಾಸನದ ಹುಡುಗಿ

@ಕೋರ್ಟ್ ಆವರಣ ಸಾರ್, ಈಗಷ್ಟೇ ಕರಡು ತೆಗೆದು ನೋಡಿದೆ. "ಮುಂದಿನ ನಿವಾಸಿ ಬಂದ ನಂತರ" ಅಂತಲೇ ಇದೆ. ಜೊತೆಗೆ ವರ್ಷಕ್ಕೆ ಶೇ 3 ಡಿಪಾಸಿಟ್‌ನಿಂದ ಮುರಿದುಕೊಳ್ತಾರಂತೆ. ಸೇಲ್ಸ್‌ನವರು ಇದನ್ನ ಹೇಳೇ ಇರ್ಲಿಲ್ಲ.

ಲೆಕ್ಕಪತ್ರ

ಅಂದ್ರೆ ವರ್ಷಕ್ಕೆ ಒಂದು ಲಕ್ಷದ ಐದು ಸಾವಿರ. ನನ್ನ 66 ಸಾವಿರಕ್ಕೆ ಇನ್ನೊಂದು ಎಂಟೂಮುಕ್ಕಾಲು ಸಾವಿರ ಸೇರಿಸ್ಕೊಳ್ಳಿ. 75 ಸಾವಿರ ಹತ್ರ ಬಂತು.

ಊರೇ ವಾಸಿ

75 ಸಾವಿರಕ್ಕೆ ಹಾಸನದಲ್ಲಿ ರಾಜರ ಥರ ಇರಬಹುದು ಕಣ್ರೀ! ಅಡುಗೆಯವರು, ಮನೆಗೆಲಸದವರು, ಹಗಲಿಗೊಬ್ಬರು ಅಟೆಂಡರ್, ತಿಂಗಳಿಗೊಮ್ಮೆ ಮನೆಗೇ ಡಾಕ್ಟರ್. ಬಾತ್‌ರೂಮಿಗೆ ಹಿಡಿಕಂಬಿ, ಜಾರದ ಟೈಲ್ಸ್ ಹಾಕಿಸಿದ್ರೆ ಆಯ್ತು. ಪರಿಚಯದ ತರಕಾರಿ ಅಂಗಡಿ, ದೇವಸ್ಥಾನ, ಅಪ್ಪನ ವಾಕಿಂಗ್ ಗೆಳೆಯರು ಎಲ್ಲ ಅಲ್ಲೇ. ಇಷ್ಟು ಲೆಕ್ಕ ಹಾಕೋರು ಇದನ್ನೂ ಹಾಕಿ ನೋಡಿ.

ನೈಟ್ ಡ್ಯೂಟಿ ನರ್ಸಮ್ಮ

@ಊರೇ ವಾಸಿ ನಿಮ್ಮ ಮಾತು ಸರಿ, ಆದ್ರೆ ಅದನ್ನೆಲ್ಲ ನಡೆಸೋರು ಯಾರು? ಅಡುಗೆಯವರು ರಜಾ ಹಾಕಿದ್ರೆ ಬದಲಿ ಹುಡುಕೋದು, ಏಜೆನ್ಸಿಯವರು ಕಳಿಸಿದ ಹುಡುಗಿ ಮೂರು ದಿನಕ್ಕೆ ಬಿಟ್ಟು ಹೋದ್ರೆ ಮತ್ತೆ ಫೋನ್ ಮಾಡೋದು, ಕಳ್ಳತನದ ಅನುಮಾನ, ಸಂಬಳದ ಜಗಳ. ಅದೆಲ್ಲ ಆ ಅಮ್ಮನ ತಲೆ ಮೇಲೇ ಬೀಳೋದು. ಅವರು ಬೇಡ ಅಂತಿರೋದು ಬರೀ ಸೌಟು ಹಿಡಿಯೋದನ್ನ ಅಲ್ಲ, ಈ ಯಜಮಾನಿಕೆನ.

ಹಾಸನದ ಹುಡುಗಿ

ಇದನ್ನ ಅಮ್ಮಂಗೆ ಓದಿ ಹೇಳಿದೆ. "ಆ ನರ್ಸಮ್ಮ ಯಾರೇ, ನಮ್ಮನೇಲಿ ಇದ್ದೋರ ಹಾಗೆ ಹೇಳ್ತಾರಲ್ಲ" ಅಂದ್ರು.

ಆಸ್ಟಿನ್ ಕನ್ನಡತಿ

ಇಲ್ಲಿ ಅಮೆರಿಕದಲ್ಲಿ ಕೆಲವು ಕ್ಯಾಂಪಸ್‌ಗಳಲ್ಲಿ ಮೂರು ಹಂತ ಒಟ್ಟಿಗೇ ಇರುತ್ತೆ. ಸ್ವತಂತ್ರವಾಗಿ ಇರೋರಿಗೆ, ಸಹಾಯ ಬೇಕಾದವರಿಗೆ, ಮರೆವಿನ ಕಾಯಿಲೆಯವರಿಗೆ ಅಂತ ಬೇರೆ ಬೇರೆ ಕಟ್ಟಡ. ಒಮ್ಮೆ ಸೇರಿದ್ರೆ ಒಳಗೊಳಗೇ ಬದಲಾಯಿಸ್ತಾ ಹೋಗ್ತಾರೆ. ಗಂಡ ಒಂದು ಕಟ್ಟಡದಲ್ಲಿ, ಹೆಂಡತಿ ಪಕ್ಕದ್ದರಲ್ಲಿ, ದಿನಾ ಹೋಗಿ ನೋಡ್ಕೊಂಡು ಬರಬಹುದು. ಖರ್ಚು ಮಾತ್ರ ವಿಪರೀತ. ಮೆಡಿಕೇರ್ ಇದಕ್ಕೆಲ್ಲ ಬಾಡಿಗೆ, ಊಟ ಕೊಡಲ್ಲ, ಮನೆ ಮಾರಿಯೇ ಕಟ್ಟೋರು ಬಹಳ. ಮೈಸೂರು-ಬೆಂಗಳೂರಲ್ಲಿ ಎರಡನೇ ಹಂತ ಒಳಗೇ ಇದೆಯಾ ಅಂತ ಕೇಳಿ. ಕೊಯಮತ್ತೂರಲ್ಲಿ ಈ ಥರದ ವಸತಿ ಬಹಳ ವರ್ಷದಿಂದ ಬೆಳೆದಿದೆ, ನನ್ನ ಗಂಡನ ಕಡೆಯ ಹಿರಿಯರು ಅಲ್ಲೇ ಇದ್ದಾರೆ. ಭಾಷೆ ಒಂದೇ ತೊಂದರೆ, ತಮಿಳು ಬಾರದಿದ್ರೆ ಆಯಾ ಹತ್ರ ಮಾತಾಡೋದು ಕಷ್ಟ.

ನನ್ನಂಥ ದೂರದವರಿಗೆ ಇನ್ನೊಂದು ಮಾತು. ಆಸ್ಪತ್ರೆಗೆ ಸೇರಿಸುವಾಗ ಸಹಿ ಮಾಡೋರು ಯಾರು ಅಂತ ಮೊದಲೇ ಗೊತ್ತಿರಲಿ. ಕೆಲವು ಕಡೆ ಸ್ಥಳೀಯ ಜವಾಬ್ದಾರರು ಅಂತ ಒಬ್ಬರ ಹೆಸರು ಕೇಳ್ತಾರೆ. ಆ ಹೆಸರು ಕೊಟ್ಟ ಸೋದರಮಾವನಿಗೇ 79 ವರ್ಷ ಆಗಿರುತ್ತೆ!

ವೈಟ್‌ಫೀಲ್ಡ್ 335ಇ

ಆಸ್ಪತ್ರೆ ಚಿಂತೆ ಯಾಕೆ? 70 ದಾಟಿದವರಿಗೆ ಆಯುಷ್ಮಾನ್ ಭಾರತ್ 5 ಲಕ್ಷ ಇದೆಯಲ್ಲ, ಆದಾಯದ ಮಿತಿಯೂ ಇಲ್ಲ.

ಕೌಂಟರ್ ನಂಬರ್ 3

@ವೈಟ್‌ಫೀಲ್ಡ್ 335ಇ 2024ರಲ್ಲಿ ಬಂದ ಯೋಜನೆ ತಾನೇ, ಅದು ನೋಂದಾಯಿತ ಆಸ್ಪತ್ರೆಗೆ ಅಡ್ಮಿಟ್ ಆದ್ರೆ. ಮನೇಲಿ ಮಲಗಿದೋರಿಗೆ ಡಯಾಪರ್ ಬದಲಾಯಿಸೋ ಆಯಾ ಖರ್ಚನ್ನ ಅದೂ ಕೊಡಲ್ಲ. ಮುಪ್ಪಲ್ಲಿ ದುಡ್ಡು ಸೋರೋದೇ ಅಲ್ಲಿ.

ನಮ್ಮಲ್ಲಿ ಹಾಸಿಗೆ ಹಿಡಿದವರಿಗೆ ಆಯಾ ಬೇಕಾದ್ರೆ ಮಾಸಿಕ ಶುಲ್ಕದ ಮೇಲೆ ಬೇರೆ ದುಡ್ಡು. ಅದೂ ಅವರು ಹೇಳಿದ ಏಜೆನ್ಸಿಯಿಂದಲೇ. ಹೊರಗಿನವರನ್ನ ಒಳಗೆ ಬಿಡಲ್ಲ. ಈ ದರಪಟ್ಟಿ ಈಗಲೇ ಕೇಳಿ ಇಟ್ಕೊಳ್ಳಿ.

ಬೇರು ಮುಖ್ಯ

ಇಷ್ಟೆಲ್ಲ ಓದಿ ಒಂದು ಅನುಮಾನ. ಹಾಸನದ ಮನೆ ಮಾರಿ ಈ ದುಡ್ಡು ಕಟ್ಟೋದಾ?

ಹಾಸನದ ಹುಡುಗಿ

@ಬೇರು ಮುಖ್ಯ ಅಣ್ಣ ಹಾಗೇ ಅಂತಿದ್ದಾನೆ. ಅಪ್ಪ ಮನೇನ ನಮ್ಮಿಬ್ಬರ ಹೆಸರಿಗೆ ಗಿಫ್ಟ್ ಡೀಡ್ ಮಾಡಿಬಿಡ್ತೀನಿ, ನೀವೇ ಮಾರಿ ಕಟ್ಟಿ ಅಂತಾರೆ.

ಕೋರ್ಟ್ ಆವರಣ

ಮೇಡಂ, ಸ್ವಲ್ಪ ನಿಧಾನ. ನೀವು ಒಳ್ಳೆಯವರೇ, ಆದ್ರೆ ಕಾಗದ ಯಾವತ್ತೂ ಕೆಟ್ಟ ಕಾಲಕ್ಕೆ ಬರೆಯೋದು.

ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಸೆಕ್ಷನ್ 23 ಅಂತ ಇದೆ. ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಮಕ್ಕಳು ನೋಡ್ಕೊಳ್ಳದಿದ್ರೆ ಆ ವರ್ಗಾವಣೆ ರದ್ದು ಮಾಡಿಸಬಹುದು. ನಮ್ಮ ರಾಜ್ಯದಲ್ಲಿ ಅರ್ಜಿ ಹೋಗೋದು ಉಪವಿಭಾಗಾಧಿಕಾರಿಗಳ ಹತ್ರ. ಡೀಡ್‌ನಲ್ಲಿ ಷರತ್ತು ಸ್ಪಷ್ಟವಾಗಿ ಬರೆದಿರಬೇಕು. "ಪ್ರೀತಿ ವಿಶ್ವಾಸದಿಂದ" ಅಂತ ಮಾತ್ರ ಬರೆಸಿ ಆಮೇಲೆ ಅಲೆದಾಡೋರು ನನ್ನ ಕಣ್ಣೆದುರೇ ಬೇಕಾದಷ್ಟು ಜನ ಇದ್ದಾರೆ.

ನನ್ನ ಕೇಳಿದ್ರೆ ಗಿಫ್ಟೇ ಬೇಡ. ಮನೆ ತಂದೆಯವರ ಹೆಸರಲ್ಲೇ ಇರಲಿ, ಮೊದಲ ಒಂದು ವರ್ಷ ಬಾಡಿಗೆಗೆ ಕೊಡಿ. ವಾಪಸ್ ಬರೋಕೆ ಒಂದು ಬಾಗಿಲು ಇದ್ರೆ ಅವರು ಹೊಸ ಕಡೆ ಹೆಚ್ಚು ಸಮಾಧಾನವಾಗಿ ಇರ್ತಾರೆ.

ಕೇಳದೇ ಇದ್ರೂ ಇನ್ನೊಂದು ಹೇಳ್ತೀನಿ. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕಾ ಬೇಡ್ವಾ ಅನ್ನೋದನ್ನ ಮುಂಚೆಯೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸುಲಭ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿಯಲ್ಲಿ ನಮ್ಮ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿದೆ. ಎಂಥ ಒಳ್ಳೆ ಜಾಗದಲ್ಲೇ ಇದ್ರೂ ಆ ಘಳಿಗೆಯಲ್ಲಿ ಮ್ಯಾನೇಜರ್ ಮಾಡೋದು ಆಂಬುಲೆನ್ಸ್‌ಗೆ ಫೋನ್ ಅಷ್ಟೇ.

ತುಳಸಿಕಟ್ಟೆ

ಬೆಳಗ್ಗೆ ಬೆಳಗ್ಗೆ ವೆಂಟಿಲೇಟರ್ ಮಾತು ಯಾಕೆ ಸಾರ್...

ಕೌಂಟರ್ ನಂಬರ್ 3

@ತುಳಸಿಕಟ್ಟೆ ನಾವು ಇಲ್ಲಿ ಕೇರಂ ಆಡ್ತಾ ಆಡ್ತಾ ಮಾತಾಡೋದೇ ಇದನ್ನ. ನಿಮಗೆ ಹೆದರಿಕೆ, ನಮಗಲ್ಲ.

ಸಂಜೆ ವಾಕಿಂಗ್

ಯಾರೂ ಬಸ್ಸಿನ ಮಾತೇ ಎತ್ತಿಲ್ಲ. ನಮ್ಮಮ್ಮ ಇರೋ ಕಡೆಯಿಂದ ಮುಖ್ಯರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣು ರಸ್ತೆ. ಸಂಸ್ಥೆಯ ವ್ಯಾನ್ ವಾರಕ್ಕೆ ಎರಡೇ ದಿನ. ಶಕ್ತಿ ಯೋಜನೆ ಬಂದ ಮೇಲೆ ಅಮ್ಮ ಆಧಾರ್ ಕಾರ್ಡ್ ಹಿಡ್ಕೊಂಡು ಒಬ್ಬರೇ ಊರೆಲ್ಲ ಸುತ್ತೋರು, ನಂಜನಗೂಡಿಗೆ ಹೋಗಿ ಬಂದು ಆಮೇಲೆ ಹೇಳೋರು. ಈಗ ಗೇಟ್ ದಾಟಬೇಕಾದ್ರೆ ರಿಜಿಸ್ಟರ್‌ನಲ್ಲಿ ಬರೆದು ಕಾರಣ ಹೇಳಬೇಕು. "ಕಾರಣ: ಬೇಜಾರು" ಅಂತ ಬರೆದಿದ್ರಂತೆ ಒಂದು ದಿನ.

ಅಂಗಡಿ, ಎಟಿಎಂ, ದೇವಸ್ಥಾನ, ಬಸ್‌ಸ್ಟಾಪ್ ನಡೆಯೋ ದೂರದಲ್ಲಿ ಇದ್ರೆ ಈಜುಕೊಳ ಇಲ್ಲದಿದ್ರೂ ನಡೆಯುತ್ತೆ. ಊರಾಚೆ ಜಾಗ ಅಗ್ಗ ಅಂತ ಅಲ್ಲಿ ಕಟ್ತಾರೆ, ಹೆಸರು ಮಾತ್ರ "ಪ್ರಕೃತಿಯ ಮಡಿಲು".

ಟ್ಯಾಂಕರ್ ನೀರು

ದೇವನಹಳ್ಳಿ ಕಡೆ ಅಂದ್ರೆ ನೀರಿನ ಮೂಲ ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಂಚಿನ ಬಡಾವಣೆಗಳು ಟ್ಯಾಂಕರ್‌ಗೆ ಎಷ್ಟು ತೆತ್ತವು ಅಂತ ಮರೆತಿಲ್ಲ ತಾನೇ? ಬೋರ್‌ವೆಲ್ ಬತ್ತಿದ್ರೆ ಆ ಟ್ಯಾಂಕರ್ ದುಡ್ಡು ಮಾಸಿಕ ಶುಲ್ಕದಲ್ಲೇ ಸೇರಿದೆಯಾ, ಬೇರೆ ಬಿಲ್ ಬರುತ್ತಾ?

ಧಾರವಾಡದ ಮಂದಿ

ಮತ್ತ ಖರೀದಿ ಮಾಡಿದ್ರ ಮುಂದ ಮಾರಾಕ ತ್ರಾಸ ಅದ್ರಿ. ಭಾಳ ಕಡೆ 55 ದಾಟಿದವ್ರಿಗೇ ಮಾರಬೇಕು ಅಂತ ನೇಮ ಇರ್ತದ. ಮಕ್ಕಳಿಗೆ ಆಸ್ತಿ ಬರ್ತದ, ಆದ್ರ ಇರಾಕ ಬರಂಗಿಲ್ಲ. ಖಾಲಿ ಬಿದ್ರೂ ತಿಂಗಳಾ ಮೆಂಟೆನನ್ಸ್ ಕಟ್ಟಬೇಕು. ಮೊಮ್ಮಕ್ಕಳು ಸೂಟಿಗೆ ಬಂದ್ರ ಎಷ್ಟು ದಿನ ಇರಬಹುದು ಅದನ್ನೂ ಕೇಳ್ರಿ. ನಮ್ಮ ಕಡೆ ಒಂದು ತಿಂಗಳ ಸೂಟಿ ಅಜ್ಜೀ ಮನ್ಯಾಗs ಕಳೀತಾವ ಹುಡುಗರು, ಅಲ್ಲೆ ಒಂದು ವಾರಕ್ಕ ಗೆಸ್ಟ್ ಚಾರ್ಜ್ ಅಂದ್ರು.

ಲೆಕ್ಕಪತ್ರ

ಅದಕ್ಕೇ ನಾನು ಬಾಡಿಗೆ ಪಕ್ಷ. ಕೆಲವು ಕಡೆ ಎರಡು-ಮೂರು ತಿಂಗಳ ಅಡ್ವಾನ್ಸ್ ಕೊಟ್ಟು ಮಾಸಿಕ ಬಾಡಿಗೆಗೆ ಇರಬಹುದು. ಅಪ್ಪ-ಅಮ್ಮನ ದುಡ್ಡು ಅವರ ಹೆಸರಲ್ಲೇ ಇರಲಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು. ನಮ್ಮ ಮನೇಲಿ ಇಟ್ಟಾಗ ಶೇ 8.2 ಇತ್ತು, ಮೂರು ತಿಂಗಳಿಗೊಮ್ಮೆ 61,500 ಖಾತೆಗೆ ಬೀಳುತ್ತೆ. ಬೇಜಾರಾದ್ರೆ ಪೆಟ್ಟಿಗೆ ಕಟ್ಕೊಂಡು ಹೊರಡಬಹುದು. ಇದಕ್ಕಿಂತ ದೊಡ್ಡ ಸೌಲಭ್ಯ ಯಾವ ಕ್ಲಬ್‌ಹೌಸಲ್ಲೂ ಇಲ್ಲ.

ಕೌಂಟರ್ ನಂಬರ್ 3

@ಲೆಕ್ಕಪತ್ರ ಅರ್ಧ ಒಪ್ಪಿದೆ. ಬಾಡಿಗೆಯವರಿಗೆ ನಿವಾಸಿಗಳ ಸಂಘದಲ್ಲಿ ವೋಟಿಲ್ಲ. ನಮ್ಮಲ್ಲಿ ಮೆಸ್ ಕಂಟ್ರಾಕ್ಟರ್‌ನ ಬದಲಾಯಿಸಿದ್ದು ಮಾಲೀಕರ ವೋಟಿಂದ. ಬಾಡಿಗೆಗೆ ಇದ್ದೋರು ಉಪ್ಪಿಲ್ಲದ ಸಾಂಬಾರ್ ತಿಂದ್ಕೊಂಡು ನೋಡ್ತಾ ಕೂತಿದ್ರು. ಸಂಘ ನೋಂದಣಿ ಆಗಿದೆಯಾ, ಲೆಕ್ಕ ತೋರಿಸ್ತಾರಾ, ನಡೆಸೋ ಕಂಪನಿನ ತೆಗೆಯೋ ಅಧಿಕಾರ ಸಂಘಕ್ಕೆ ಇದೆಯಾ ಕೇಳಲೇಬೇಕು.

ಬೇರು ಮುಖ್ಯ

ಅಪ್ಪನ ಮಾತೇನು? ಎಲ್ಲರೂ ಅಮ್ಮನ ಪಕ್ಷ. ಆ ಮನುಷ್ಯ ಗಂಜಿ ಕುಡ್ಕೊಂಡು ಇರ್ತೀನಿ ಅಂದಿದ್ದು ಯಾರಿಗೂ ಕೇಳಿಸ್ಲೇ ಇಲ್ಲ.

ನೈಟ್ ಡ್ಯೂಟಿ ನರ್ಸಮ್ಮ

ಇದು ಸರಿಯಾದ ಪ್ರಶ್ನೆ. ನಾನು ನೋಡಿದ ಹಾಗೆ ಹೆಂಗಸರು ಹದಿನೈದು ದಿನಕ್ಕೆ ಗುಂಪು ಕಟ್ಕೋತಾರೆ, ಭಜನೆ, ಹೂ ಕಟ್ಟೋದು, ಧಾರಾವಾಹಿ. ಗಂಡಸರಿಗೆ, ಅದರಲ್ಲೂ ಊರಲ್ಲಿ "ಮೇಷ್ಟ್ರು, ಸಾರ್" ಅನ್ನಿಸ್ಕೊಂಡೋರಿಗೆ, ಇಲ್ಲಿ ಯಾರೂ ಎದ್ದು ನಿಲ್ಲಲ್ಲ ಅನ್ನೋದೇ ದೊಡ್ಡ ಸಂಕಟ. ಅಪ್ಪಂಗೆ ಅಲ್ಲಿ ಮಾಡೋಕೆ ಏನಿದೆ ನೋಡಿ. ಲೈಬ್ರರಿ ನೋಡ್ಕೊಳ್ಳೋದೋ, ಕೆಲಸದವರ ಮಕ್ಕಳಿಗೆ ಪಾಠ ಹೇಳೋದೋ. ಸಹಿ ಹಾಕೋ ಮುಂಚೆ ಇಬ್ಬರನ್ನೂ ಒಂದು ತಿಂಗಳು ಟ್ರಯಲ್ ಇರಿಸಿ. ಬಹಳ ಕಡೆ ದುಡ್ಡು ತಗೊಂಡು ಅವಕಾಶ ಕೊಡ್ತಾರೆ. ಕೊಡಲ್ಲ ಅಂದೋರ ಹತ್ರ ಹೋಗಬೇಡಿ.

ಹಾಸನದ ಹುಡುಗಿ

ಒಂದು ಅಪ್‌ಡೇಟ್. ದೇವನಹಳ್ಳಿ ಕೈಬಿಟ್ವಿ. ಮೈಸೂರಿನವರಿಗೆ ಡಿಪಾಸಿಟ್ ವಾಪಸಿಗೆ ದಿನಾಂಕ, ಹಾಸಿಗೆ ಹಿಡಿದಾಗಿನ ದರಪಟ್ಟಿ, ಒಬ್ಬರೇ ಉಳಿದ್ರೆ ಶುಲ್ಕ ಎಷ್ಟು, ಮೂರನ್ನೂ ಬರವಣಿಗೆಯಲ್ಲಿ ಕೇಳಿ ಮೇಲ್ ಹಾಕಿದೆ. ಎರಡಕ್ಕೆ ಉತ್ತರ ಬಂತು. ಡಿಪಾಸಿಟ್ ವಿಷಯಕ್ಕೆ "ನಮ್ಮ ಲೀಗಲ್ ಟೀಮ್ ಸಂಪರ್ಕಿಸುತ್ತದೆ" ಅಂತ ಬಂದಿದೆ. ಒಂದು ತಿಂಗಳ ಟ್ರಯಲ್‌ಗೆ ಒಪ್ಪಿದ್ದಾರೆ. ಅಪ್ಪ "ಬರ್ತೀನಿ, ಆದ್ರೆ ನನ್ನ ಪುಸ್ತಕ ಒಂದೂ ಕಟ್ಟಲ್ಲ" ಅಂತ ಷರತ್ತು ಹಾಕಿದ್ದಾರೆ. ಅಣ್ಣನಿಗೆ ಈ ಇಡೀ ಚರ್ಚೆಯ ಲಿಂಕ್ ಕಳಿಸಿದೆ, ಮನೆ ಮಾರೋ ಮಾತು ಸದ್ಯಕ್ಕೆ ನಿಲ್ಲಿಸಿದ್ದಾನೆ.

ಕೋರ್ಟ್ ಆವರಣ

ಲೀಗಲ್ ಟೀಮ್‌ನವರು ಫೋನ್ ಮಾಡಿದ್ರೆ ಮೇಲ್‌ನಲ್ಲೇ ಬರೆದು ಕಳಿಸಿ ಅನ್ನಿ. ಟ್ರಯಲ್ ಮುಗಿಯೋವರೆಗೆ ಬುಕಿಂಗ್ ಅಡ್ವಾನ್ಸ್ ಅಂತ ಒಂದು ರೂಪಾಯಿಯೂ ಕೊಡಬೇಡಿ.

ಕುಚ್ಚಲಕ್ಕಿ ಪಾರ್ಟಿ

ಟ್ರಯಲಿನಲ್ಲಿ ಊಟ ಹೇಗುಂಟು ಬರೀರಿ. ಮೀನಿನ ಬಗ್ಗೆಯೂ ಕೇಳಿ ನೋಡಿ, ನನಗೋಸ್ಕರ.

ಟ್ಯಾಂಕರ್ ನೀರು

ನಡುವೆ ನನ್ನದೊಂದು ಡೌಟು. ಹೀಗೆ ಶಿಫ್ಟ್ ಆದ್ರೆ ಪಿಂಚಣಿ, ವೋಟು ಎಲ್ಲ ಏನ್ಮಾಡೋದು? ನಮ್ಮತ್ತೆಗೆ 87.

ಕೌಂಟರ್ ನಂಬರ್ 3

@ಟ್ಯಾಂಕರ್ ನೀರು ಪಿಂಚಣಿಗೆ ಏನೂ ಮಾಡಬೇಕಿಲ್ಲ, ಖಾತೆ ಅದೇ ಇರಲಿ. ನವೆಂಬರಲ್ಲಿ ಜೀವಿತ ಪ್ರಮಾಣಪತ್ರ ಮೊಬೈಲಲ್ಲೇ ಮುಖ ತೋರಿಸಿ ಕೊಡಬಹುದು, ಜೀವನ್ ಪ್ರಮಾಣ್ ಆ್ಯಪ್ ಇದೆ. ನಮ್ಮಲ್ಲಿ ಒಬ್ಬ ಹುಡುಗ ಬಂದು ಎಲ್ಲರದ್ದೂ ಒಂದೇ ದಿನ ಮಾಡಿಕೊಟ್ಟು ಹೋಗ್ತಾನೆ. ವೋಟಿಗೆ ಹೊಸ ವಿಳಾಸಕ್ಕೆ ಹೆಸರು ಬದಲಾಯಿಸಿ. 85 ದಾಟಿದವರು ಚುನಾವಣೆ ಘೋಷಣೆ ಆದ ಮೇಲೆ 12ಡಿ ಫಾರಂ ಕೊಟ್ರೆ ಅಧಿಕಾರಿಗಳು ಮನೆಗೇ ಬಂದು ಮತ ಹಾಕಿಸ್ಕೊಂಡು ಹೋಗ್ತಾರೆ. ಬಾಡಿಗೆ ಕರಾರು ವಿಳಾಸದ ದಾಖಲೆಗೆ ಬೇಕಾಗುತ್ತೆ, ಒಂದು ಕಾಪಿ ಅತ್ತೆಯವರ ಹತ್ರನೇ ಇರಲಿ, ಮಗನ ಬೀರುವಿನಲ್ಲಿ ಅಲ್ಲ.